ಟರ್ಮ್ ಮುಗಿಯುವ ಮೊದಲೇ ಗೊತ್ತಾಗಬೇಕು: ಹೈಸ್ಕೂಲ್ ಮಕ್ಕಳ ಕಲಿಕೆಯನ್ನು ವಾರವಾರ ಗಮನಿಸುವುದು ಹೇಗೆ?

"ಮೊದಲೇ ಯಾಕೆ ಹೇಳಲಿಲ್ಲ ಮೇಡಂ?"

ಪೋಷಕರ ಸಭೆಯಲ್ಲಿ ಒಬ್ಬ ತಂದೆ ನನ್ನನ್ನು ಕೇಳಿದ ಮಾತು ಇದು. ಅವರ ಕೈಯಲ್ಲಿ ಮಗಳ ಅಂಕಪಟ್ಟಿ ಇತ್ತು. ಗಣಿತದಲ್ಲಿ 100ಕ್ಕೆ 31. ಅವರು ಜಗಳಕ್ಕೆ ಬಂದಿರಲಿಲ್ಲ, ನಿಜವಾಗಿಯೂ ತಿಳಿದುಕೊಳ್ಳಲು ಕೇಳಿದ್ದರು. ನನ್ನ ಹತ್ತಿರ ಸರಿಯಾದ ಉತ್ತರ ಇರಲಿಲ್ಲ. ಆ ಹುಡುಗಿ ಮೂರನೇ ವಾರದಿಂದಲೇ ಹಿಂದೆ ಬೀಳುತ್ತಿದ್ದಳು. ಹೋಮ್‌ವರ್ಕ್ ತಪ್ಪದೆ ಬರುತ್ತಿತ್ತು, ಆದರೆ ಬೋರ್ಡ್ ಹತ್ತಿರ ಕರೆದರೆ ಎರಡನೇ ಸಾಲಿಗೇ ಕೈ ನಿಂತುಬಿಡುತ್ತಿತ್ತು. ನಾನು ಅದನ್ನು ಕಣ್ಣಾರೆ ಕಂಡಿದ್ದೆ. ಬರೆದಿಟ್ಟಿರಲಿಲ್ಲ, ಯಾರಿಗೂ ಹೇಳಿಯೂ ಇರಲಿಲ್ಲ.

ಅಂಕಪಟ್ಟಿ ತಡವಾಗಿ ಬರುವ ಸುದ್ದಿ. ಅದು ಕೈಗೆ ಬರುವ ಹೊತ್ತಿಗೆ ಟರ್ಮ್ ಮುಗಿದಿರುತ್ತದೆ, ಏನೂ ಮಾಡಲು ಆಗುವುದಿಲ್ಲ. ಆ ದಿನದ ನಂತರ ನಾನು ಕೆಲಸದ ರೀತಿ ಬದಲಿಸಿಕೊಂಡೆ. ಮಗು ಟರ್ಮ್ ಶುರುವಿನಲ್ಲಿ ಎಲ್ಲಿತ್ತು, ಎಲ್ಲಿಗೆ ಬರಬೇಕು, ಈ ವಾರ ಎಲ್ಲಿದೆ ಅನ್ನುವುದನ್ನು ಬರೆದಿಡಲು ಶುರು ಮಾಡಿದೆ. ವರ್ಷಗಳಿಂದ ಮಾಡಿಕೊಂಡು ಬಂದಿರುವ ಅದೇ ಕ್ರಮವನ್ನು ಇಲ್ಲಿ ಬರೆಯುತ್ತಿದ್ದೇನೆ. ಮುಖ್ಯವಾಗಿ ಪೋಷಕರಿಗಾಗಿ. ಕ್ಲಾಸ್ ಟೀಚರ್‌ಗಳಿಗೂ ಉಪಯೋಗಕ್ಕೆ ಬರಬಹುದು.

ಟರ್ಮ್‌ನ ಉದ್ದ ಒಂದೊಂದು ಕಡೆ ಒಂದೊಂದು ಥರ ಇರುತ್ತದೆ. ಇಲ್ಲಿ 16 ವಾರ ಅಂತ ಇಟ್ಟುಕೊಳ್ಳುತ್ತೇನೆ. ನಿಮ್ಮ ಮಗುವಿನ ಶಾಲೆಯ ಲೆಕ್ಕಕ್ಕೆ ಹೊಂದಿಸಿಕೊಳ್ಳಿ.

ಹಂತ 1: ನಿಜವಾಗಿ ಎಷ್ಟು ಸಮಯ ಇದೆ ಅಂತ ಎಣಿಸಿ

ಟರ್ಮ್ ಶುರುವಾಗುವ ಮೊದಲು ಒಂದು ಕ್ಯಾಲೆಂಡರ್ ತೆಗೆದುಕೊಂಡು ಮಗುವಿನ ಜೊತೆ ಕೂತುಕೊಳ್ಳಿ. ರಜೆಗಳನ್ನು ಹೊಡೆದುಹಾಕಿ. ಪರೀಕ್ಷೆಯ ದಿನಗಳು, ಕ್ರೀಡಾಕೂಟ, ವಾರ್ಷಿಕೋತ್ಸವದ ತಯಾರಿ, ಎಲ್ಲವನ್ನೂ ಹೊಡೆದುಹಾಕಿ. 16 ವಾರದಲ್ಲಿ ಪಾಠಕ್ಕೆ ಸಿಗುವುದು 12 ವಾರ ಆದರೆ ಅದೇ ಜಾಸ್ತಿ.

ಈಗ ಒಂದು ವಿಷಯವನ್ನು ತೆಗೆದುಕೊಳ್ಳಿ. ಗಣಿತಕ್ಕೆ ವಾರಕ್ಕೆ 5 ಪಿರಿಯಡ್, ಒಂದೊಂದು 40 ನಿಮಿಷ ಅಂದರೆ 12 ವಾರಕ್ಕೆ 60 ಪಿರಿಯಡ್, ಒಟ್ಟು 40 ಗಂಟೆ. ಇಡೀ ಟರ್ಮ್‌ನ ಗಣಿತ ಇಷ್ಟರಲ್ಲೇ ಮುಗಿಯಬೇಕು. ಈ ಲೆಕ್ಕ ತೋರಿಸಿದಾಗ ಮಕ್ಕಳ ಮುಖ ಬದಲಾಗುವುದನ್ನು ನಾನು ಪ್ರತಿ ಸಲ ನೋಡಿದ್ದೇನೆ. "ಇನ್ನೂ ಬೇಕಾದಷ್ಟು ಟೈಮ್ ಇದೆ" ಅನ್ನುವ ಭಾವನೆ ಅಲ್ಲಿಗೆ ಕರಗುತ್ತದೆ. ಹೆದರಿಸುವುದಕ್ಕೆ ಈ ಲೆಕ್ಕ ಹಾಕಬೇಡಿ. ಒಂದು ವಾರ ಜ್ವರ ಬಂದು ಮಲಗಿದರೆ ಎಷ್ಟು ಪಾಠ ತಪ್ಪುತ್ತದೆ, ಅದನ್ನು ಯಾವಾಗ ತುಂಬಿಕೊಳ್ಳಬೇಕು ಅನ್ನುವುದು ಮಗುವಿಗೂ ಗೊತ್ತಿರಲಿ ಅಂತ ಹಾಕಿ.

ಮನಶ್ಶಾಸ್ತ್ರಜ್ಞರಾದ ಡೇನಿಯಲ್ ಕಾನಮನ್ ಮತ್ತು ಏಮಸ್ ಟ್ವರ್ಸ್ಕಿ 1979ರಲ್ಲಿ ಒಂದು ಮನುಷ್ಯ ಸ್ವಭಾವದ ಬಗ್ಗೆ ಬರೆದರು. ಹಿಂದಿನ ಕೆಲಸಗಳು ತಡವಾಗಿದ್ದು ಚೆನ್ನಾಗಿ ನೆನಪಿದ್ದರೂ, ಮುಂದಿನ ಕೆಲಸ ಬೇಗ ಮುಗಿಯುತ್ತದೆ ಅಂತಲೇ ನಾವು ಅಂದುಕೊಳ್ಳುತ್ತೇವೆ. ದೊಡ್ಡವರಿಗೇ ಹೀಗಾದರೆ 14 ವರ್ಷದ ಮಕ್ಕಳಿಗೆ ಕೇಳಬೇಕೇ? ಹಾಗಾಗಿ ಮಗು "ಈ ಪಾಠಕ್ಕೆ ಎರಡು ದಿನ ಸಾಕು" ಅಂದರೆ ಕ್ಯಾಲೆಂಡರ್‌ನಲ್ಲಿ ಮೂರು ದಿನ ಬರೆದಿಡಿ. ಸಿಲಬಸ್‌ನಲ್ಲಿರುವ ಪಾಠಗಳನ್ನು ವಾರಗಳಿಗೆ ಹಂಚಿ, ಕೊನೆಯ ಎರಡು ವಾರ ಖಾಲಿ ಬಿಡಿ. ಆ ಎರಡು ವಾರ ಹೇಗಿದ್ದರೂ ತಾನಾಗಿ ತುಂಬಿಕೊಳ್ಳುತ್ತದೆ.

ಹಂತ 2: ಮಗು ಈಗ ಎಲ್ಲಿದೆ ಅಂತ ನೋಡಿ

ಎಲ್ಲಕ್ಕಿಂತ ಮುಖ್ಯವಾದ ಹಂತ ಇದು. ಬಹಳ ಮನೆಗಳಲ್ಲಿ ಬಿಟ್ಟುಹೋಗುವುದೂ ಇದೇ.

ಕಳೆದ ಪರೀಕ್ಷೆಯ ಉತ್ತರ ಪತ್ರಿಕೆ ಹುಡುಕಿ ತೆಗೆಯಿರಿ. ಮೇಲಿರುವ ಒಟ್ಟು ಅಂಕವನ್ನು ಸ್ವಲ್ಪ ಹೊತ್ತು ಕೈಯಿಂದ ಮುಚ್ಚಿ. ಒಂದು ಹಾಳೆಯಲ್ಲಿ ನಾಲ್ಕು ಕಾಲಂ ಎಳೆಯಿರಿ. ಗೊತ್ತೇ ಇಲ್ಲದ್ದು. ಗೊತ್ತಿದ್ದೂ ಕೈತಪ್ಪಿದ್ದು. ಪ್ರಶ್ನೆ ತಪ್ಪಾಗಿ ಓದಿದ್ದು. ಸಮಯ ಸಾಲದೆ ಬಿಟ್ಟದ್ದು. ಈಗ ಕಳೆದುಹೋದ ಒಂದೊಂದು ಅಂಕವನ್ನೂ ಇವುಗಳಲ್ಲಿ ಒಂದರ ಕೆಳಗೆ ಹಾಕುತ್ತಾ ಹೋಗಿ.

ಒಬ್ಬ ಹುಡುಗನ ಪತ್ರಿಕೆ ನನಗೆ ಇವತ್ತಿಗೂ ನೆನಪಿದೆ. 50ಕ್ಕೆ 23. "ನಂಗೆ ಗಣಿತ ಬರಲ್ಲ ಮಿಸ್" ಅಂತ ತಲೆ ತಗ್ಗಿಸಿ ನಿಂತಿದ್ದ. ಇಬ್ಬರೂ ಕೂತು 27 ಅಂಕಗಳನ್ನು ವಿಂಗಡಿಸಿದೆವು. ಸಮಯ ಸಾಲದೆ ಬಿಟ್ಟದ್ದು 11. ಪ್ಲಸ್ ಮೈನಸ್ ಚಿಹ್ನೆ ತಪ್ಪಿದ್ದು 7. ಪ್ರಶ್ನೆ ತಪ್ಪಾಗಿ ಓದಿದ್ದು 5. ನಿಜವಾಗಿ ಗೊತ್ತಿಲ್ಲದ್ದು ಬರೀ 4. ಅವನು ಆ ಹಾಳೆಯನ್ನು ತನ್ನ ಕಡೆ ತಿರುಗಿಸಿಕೊಂಡು ಇನ್ನೊಮ್ಮೆ ಕೂಡಿಸಿ ನೋಡಿದ. "ಹಾಗಾದ್ರೆ ನಂಗೆ ಬರುತ್ತೆ ಅಲ್ವಾ ಮಿಸ್?" ಅಂದ. ಬರುತ್ತಿತ್ತು. ಅವನಿಗೆ ಬೇಕಾಗಿದ್ದು ಮತ್ತೊಂದು ಟ್ಯೂಷನ್ ಅಲ್ಲವೇ ಅಲ್ಲ. ಗಡಿಯಾರ ಇಟ್ಟುಕೊಂಡು ಮಾಡುವ ಅಭ್ಯಾಸ ಮತ್ತು ಚಿಹ್ನೆಯ ಮೇಲೆ ಬೆರಳಿಟ್ಟು ಓದುವ ರೂಢಿ ಬೇಕಿತ್ತು, ಅಷ್ಟೇ.

ಇದೇ 23 ಅಂಕ ಇನ್ನೊಬ್ಬಳಿಗೆ ಬಂದಿದ್ದರೆ ಕತೆ ಬೇರೆ ಇರಬಹುದಿತ್ತು. 27ರಲ್ಲಿ 20 ಅಂಕ "ಗೊತ್ತೇ ಇಲ್ಲದ್ದು" ಕಾಲಂನಲ್ಲಿ ಬಿದ್ದರೆ ಹಿಂದಿನ ತರಗತಿಗಳತ್ತ ನೋಡಬೇಕು. ಎಂಟು, ಒಂಬತ್ತನೇ ತರಗತಿಯಲ್ಲಿ ಬೀಜಗಣಿತ ಕಷ್ಟ ಅನ್ನುವ ಎಷ್ಟೋ ಮಕ್ಕಳಿಗೆ ನಿಜವಾಗಿ ಕಷ್ಟ ಇರುವುದು ಭಿನ್ನರಾಶಿಯಲ್ಲಿ, ಋಣ ಸಂಖ್ಯೆಯಲ್ಲಿ. ಮಗುವಿಗೆ 2/3 ಮತ್ತು 3/5 ಕೂಡಿಸಲು ಕೊಡಿ. 5/8 ಅಂತ ಬರೆದರೆ ಸಮೀಕರಣಕ್ಕೆ ಹೋಗಬೇಡಿ. ಮೊದಲು ಎರಡು ವಾರ ಭಿನ್ನರಾಶಿ ಮಾಡಿಸಿ. ಅದು ಹಿಂದಕ್ಕೆ ಹೋದಂತೆ ಕಂಡರೂ ಮುಂದಿನ ದಾರಿ ಅದೇ.

ವಿಜ್ಞಾನ, ಸಮಾಜ ವಿಷಯಗಳಿಗೆ ಇನ್ನೊಂದು ಸುಲಭದ ಪರೀಕ್ಷೆ ಇದೆ. ಪಠ್ಯಪುಸ್ತಕದ ಒಂದು ಪ್ಯಾರಾ ಜೋರಾಗಿ ಓದಲು ಹೇಳಿ. ಪುಸ್ತಕ ಮುಚ್ಚಿಸಿ, "ಈಗ ನಂಗೆ ಹೇಳು ನೋಡೋಣ" ಅನ್ನಿ. ಸರಾಗವಾಗಿ ಓದಿದ ಮಗುವಿಗೆ ಎರಡು ವಾಕ್ಯವೂ ಹೇಳಲು ಆಗದಿದ್ದರೆ ತೊಂದರೆ ವಿಜ್ಞಾನದಲ್ಲಿ ಇಲ್ಲ, ಓದಿ ಅರ್ಥ ಮಾಡಿಕೊಳ್ಳುವುದರಲ್ಲಿದೆ. ಅದು ಎಲ್ಲ ವಿಷಯಕ್ಕೂ ತಾಗುತ್ತದೆ.

ನೋಡಿದ್ದನ್ನೆಲ್ಲ ದಿನಾಂಕ ಹಾಕಿ ಒಂದು ಪುಟದಲ್ಲಿ ಬರೆದಿಡಿ. ಇದು ಶುರುವಿನ ಗೆರೆ. ಟರ್ಮ್ ಪೂರ್ತಿ ಮಗುವನ್ನು ಹೋಲಿಸಬೇಕಾದ್ದು ಈ ಪುಟದ ಜೊತೆ. ಪಕ್ಕದ ಮನೆಯ ಮಗುವಿನ ಜೊತೆ ಬೇಡ.

ಹಂತ 3: ನಿರೀಕ್ಷೆಯನ್ನು ಕೆಲಸದ ಮಾತಿನಲ್ಲಿ ಬರೆಯಿರಿ

"ಈ ಸಲ 90 ತೆಗಿಬೇಕು" ಅಂದರೆ ಮಗು ನಾಳೆ ಬೆಳಿಗ್ಗೆ ಎದ್ದು ಏನು ಮಾಡಬೇಕು? ಆ ಮಾತಿನಲ್ಲಿ ಉತ್ತರವಿಲ್ಲ. "ಆರನೇ ವಾರದ ಹೊತ್ತಿಗೆ ಎರಡು ಹಂತದ ಸಮೀಕರಣ ಹತ್ತು ಕೊಟ್ಟರೆ ಎಂಟಾದರೂ ಸರಿಯಾಗಿ ಬಿಡಿಸಬೇಕು" ಅಂದರೆ ಉತ್ತರವಿದೆ. ಅಂಕದ ಗುರಿ ಇರಲಿ, ಬೇಡ ಅನ್ನುವುದಿಲ್ಲ. ಆದರೆ ಒಂದೊಂದು ಅಂಕದ ಗುರಿಯ ಕೆಳಗೂ "ಏನು ಮಾಡಲು ಬರಬೇಕು" ಅಂತ ಎರಡು ಮೂರು ಸಾಲು ಇರಲೇಬೇಕು.

ನಾನು ಹೇಳುವ ರೀತಿ ಹೀಗಿದೆ. ಮೂರು ಚೀಟಿ ತೆಗೆದುಕೊಳ್ಳಿ. ಅಪ್ಪ ಅಥವಾ ಅಮ್ಮ ಒಂದರಲ್ಲಿ, ಮಗು ಇನ್ನೊಂದರಲ್ಲಿ, ಸಾಧ್ಯವಾದರೆ ಟೀಚರ್ ಮೂರನೆಯದರಲ್ಲಿ ಬರೆಯಲಿ. ಒಬ್ಬರು ಬರೆದದ್ದನ್ನು ಇನ್ನೊಬ್ಬರು ನೋಡಬಾರದು. ಒಂದೊಂದು ವಿಷಯಕ್ಕೂ ಟರ್ಮ್ ಕೊನೆಗೆ ಎಲ್ಲಿರಬಹುದು, ಅದಕ್ಕೆ ಏನು ಕಲಿಯಬೇಕು, ಅಷ್ಟೇ. ಆಮೇಲೆ ಮೂರನ್ನೂ ಪಕ್ಕಪಕ್ಕ ಇಡಿ. ಮಗು ವಿಜ್ಞಾನಕ್ಕೆ 60 ಅಂತ ಬರೆದು ಅಮ್ಮ 85 ಅಂತ ಬರೆದಿದ್ದರೆ, ಆ 25 ಅಂಕದ ನಡುವೆ ಮಾತಾಡಬೇಕಾದ ಬಹಳ ವಿಷಯ ಇದೆ ಅಂತ ಅರ್ಥ. "ಯಾಕೆ 60 ಅಂತ ಬರೆದೆ ಪುಟ್ಟಾ?" ಅಂತ ಕೇಳಿ ಸುಮ್ಮನಿರಿ. ಮಕ್ಕಳು ಇಂಥ ಹೊತ್ತಿನಲ್ಲೇ ಬಾಯಿ ಬಿಡುವುದು. ಒಬ್ಬ ಹುಡುಗಿ ಅಮ್ಮನಿಗೆ ಹೇಳಿದ್ದು ಇಷ್ಟು: "ನಾನು ಕೂರೋದು ಕೊನೇ ಬೆಂಚಲ್ಲಿ, ಬೋರ್ಡ್ ಮೇಲಿನ ಚಿತ್ರ ಸರಿಯಾಗಿ ಕಾಣಲ್ಲಮ್ಮಾ." ಕನ್ನಡಕ ಬಂತು, ಜಾಗ ಬದಲಾಯಿತು.

ನಿರೀಕ್ಷೆ ಎಷ್ಟು ಎತ್ತರ ಇರಬೇಕು? ಮಗು ಇರುವ ಜಾಗದಿಂದ ಒಂದು ಮೆಟ್ಟಿಲು ಮೇಲೆ. 40 ಬರುತ್ತಿರುವ ಮಗುವಿಗೆ 95ರ ಗುರಿ ಕೊಟ್ಟರೆ ಮೊದಲ ಟೆಸ್ಟ್‌ನಲ್ಲೇ ಅದು ಕೈಬಿಡುತ್ತದೆ. 40ಕ್ಕೆ 45 ಸಾಕು ಅಂದರೂ ತಪ್ಪು ಸಂದೇಶ ಹೋಗುತ್ತದೆ. "ನಿನ್ನಿಂದ ಇಷ್ಟೇ ಆಗೋದು" ಅಂತ ನಾವೇ ಹೇಳಿದಂತೆ ಆಗುತ್ತದೆ.

ಇದರ ಬಗ್ಗೆ ಒಂದು ಹೆಸರಾದ ಪ್ರಯೋಗ ಇದೆ. ಅಮೆರಿಕದ ರಾಬರ್ಟ್ ರೋಸೆಂಥಾಲ್ ಮತ್ತು ಲೆನೋರ್ ಜೇಕಬ್ಸನ್ ಒಂದು ಪ್ರಾಥಮಿಕ ಶಾಲೆಯಲ್ಲಿ ನಡೆಸಿ 1968ರಲ್ಲಿ ಪ್ರಕಟಿಸಿದ್ದು. ಸುಮಾರು 20 ಶೇಕಡಾ ಮಕ್ಕಳನ್ನು ಯಾವ ಆಧಾರವೂ ಇಲ್ಲದೆ ಆರಿಸಿ, "ಇವರು ಈ ವರ್ಷ ಚೆನ್ನಾಗಿ ಮೇಲೆ ಬರುತ್ತಾರೆ" ಅಂತ ಟೀಚರ್‌ಗಳಿಗೆ ಹೇಳಿದರು. ವರ್ಷದ ಕೊನೆಗೆ, ಮುಖ್ಯವಾಗಿ ಒಂದು ಮತ್ತು ಎರಡನೇ ತರಗತಿಯಲ್ಲಿ, ಆ ಮಕ್ಕಳ ಅಂಕ ಉಳಿದವರಿಗಿಂತ ಹೆಚ್ಚು ಏರಿತ್ತು. ನಂತರ ಬಂದ ಎಷ್ಟೋ ಅಧ್ಯಯನಗಳು ಈ ಪರಿಣಾಮ ಅಷ್ಟೊಂದು ದೊಡ್ಡದಲ್ಲ ಅಂತ ತೋರಿಸಿವೆ. ಆದರೂ ಟೀಚರ್ ಆಗಿ ನನಗೆ ಇದು ದೊಡ್ಡ ಎಚ್ಚರಿಕೆ. ಯಾವ ಮಗುವಿನ ಬಗ್ಗೆ ನನಗೆ ಭರವಸೆ ಇರುತ್ತದೋ ಅವಳ ಉತ್ತರಕ್ಕೆ ಎರಡು ಸೆಕೆಂಡ್ ಜಾಸ್ತಿ ಕಾಯುತ್ತೇನೆ. ಭರವಸೆ ಇಲ್ಲದಿದ್ದರೆ ಬೇಗ ಮುಂದಿನ ಮಗುವಿಗೆ ಹೋಗಿಬಿಡುತ್ತೇನೆ. ಇದನ್ನು ಮಕ್ಕಳು ಗಮನಿಸುತ್ತಾರೆ.

ಹಂತ 4: ವಾರದ ಓದನ್ನು ಜೋಡಿಸಿ

ಜರ್ಮನಿಯ ಹೆರ್ಮನ್ ಎಬಿಂಗ್‌ಹೌಸ್ ಅರ್ಥವಿಲ್ಲದ ಪದತುಣುಕುಗಳನ್ನು ತಾವೇ ಬಾಯಿಪಾಠ ಮಾಡಿ, ಎಷ್ಟು ಬೇಗ ಮರೆಯುತ್ತದೆ ಅಂತ ಅಳೆದು 1885ರಲ್ಲಿ ಪ್ರಕಟಿಸಿದರು. ಮರೆವು ಮೊದಲ ಕೆಲವು ಗಂಟೆಗಳಲ್ಲೇ ಜೋರಾಗಿ ಆಗುತ್ತದೆ, ಆಮೇಲೆ ನಿಧಾನವಾಗುತ್ತದೆ. ಅಂದರೆ ಸೋಮವಾರ ಕಲಿತ ಪಾಠವನ್ನು ಪರೀಕ್ಷೆಯ ಹಿಂದಿನ ದಿನ ತೆಗೆದರೆ ಅದು ಬಹುಪಾಲು ಹೊಸ ಪಾಠವೇ.

ಹಾಗಾಗಿ ಒಂದು ಪಾಠಕ್ಕೆ ನಾಲ್ಕು ಸಣ್ಣ ಭೇಟಿ ಇಟ್ಟುಕೊಳ್ಳಿ. ಅದೇ ದಿನ ಸಂಜೆ, ಎರಡು ಮೂರು ದಿನ ಬಿಟ್ಟು, ಒಂದು ವಾರಕ್ಕೆ, ಒಂದು ತಿಂಗಳಿಗೆ. ಮೊದಲ ಭೇಟಿ 15 ನಿಮಿಷ, ಆಮೇಲಿನವು ಐದರಿಂದ ಹತ್ತು ನಿಮಿಷ ಸಾಕು.

ಆ ಭೇಟಿಯಲ್ಲಿ ಏನು ಮಾಡಬೇಕು ಅನ್ನುವುದರ ಮೇಲೆ ಎಲ್ಲ ನಿಂತಿದೆ. ಮಕ್ಕಳು ಸಾಮಾನ್ಯವಾಗಿ ನೋಟ್ಸನ್ನು ಮತ್ತೆ ಮತ್ತೆ ಓದುತ್ತಾರೆ, ಹಳದಿ ಪೆನ್ನಿನಲ್ಲಿ ಗೆರೆ ಎಳೆಯುತ್ತಾರೆ. ಓದುತ್ತಾ ಹೋದಂತೆ ಎಲ್ಲ ಗೊತ್ತಿದೆ ಅನ್ನಿಸುತ್ತದೆ. ಹೆನ್ರಿ ರೋಡಿಗರ್ ಮತ್ತು ಜೆಫ್ರಿ ಕಾರ್ಪಿಕಿ 2006ರಲ್ಲಿ ಕಾಲೇಜು ವಿದ್ಯಾರ್ಥಿಗಳ ಮೇಲೆ ಪ್ರಯೋಗ ಮಾಡಿದರು. ಒಂದು ಗುಂಪು ಪ್ಯಾರಾವನ್ನು ಎರಡು ಸಲ ಓದಿತು. ಇನ್ನೊಂದು ಗುಂಪು ಒಂದು ಸಲ ಓದಿ, ನೋಡದೆ ನೆನಪಿನಿಂದ ಬರೆಯಿತು. ಐದು ನಿಮಿಷದ ನಂತರ ಕೇಳಿದಾಗ ಎರಡು ಸಲ ಓದಿದವರೇ ಮುಂದಿದ್ದರು. ಒಂದು ವಾರದ ನಂತರ ಕೇಳಿದಾಗ ಓದಿದವರಿಗೆ 42 ಶೇಕಡಾ ನೆನಪಿತ್ತು, ನೆನಪಿನಿಂದ ಬರೆದಿದ್ದವರಿಗೆ 56 ಶೇಕಡಾ. ಪುಸ್ತಕ ಮುಚ್ಚಿ, ಖಾಲಿ ಹಾಳೆಯ ಮೇಲೆ ನೆನಪಿದ್ದನ್ನೆಲ್ಲ ಬರೆದು, ಆಮೇಲೆ ಪುಸ್ತಕ ತೆರೆದು ಬಿಟ್ಟದ್ದನ್ನು ಕೆಂಪು ಪೆನ್ನಿನಲ್ಲಿ ಸೇರಿಸುವುದು. ಇದಕ್ಕಿಂತ ಒಳ್ಳೆಯ ಓದಿನ ವಿಧಾನ ನನಗೆ ಸಿಕ್ಕಿಲ್ಲ. ಮೊದಲ ಎರಡು ವಾರ ಮಕ್ಕಳಿಗೆ ಇದು ಬೇಜಾರು. ಹಾಳೆ ಖಾಲಿ ಕಂಡಾಗ ಬೇಸರವಾಗುತ್ತದೆ. ಆಗ ಪಕ್ಕದಲ್ಲಿ ಕೂತು, "ಬಿಟ್ಟುಹೋಗಿದ್ದು ಇವತ್ತೇ ಗೊತ್ತಾಯ್ತಲ್ಲ, ಒಳ್ಳೇದಾಯ್ತು" ಅನ್ನಿ.

ಸೂತ್ರ, ವ್ಯಾಖ್ಯೆ, ಇಸವಿ, ಪದಗಳ ಅರ್ಥ ಇಂಥವಕ್ಕೆ ಕಾರ್ಡ್ ಮಾಡಿ. ಒಂದು ಬದಿ ಪ್ರಶ್ನೆ, ಇನ್ನೊಂದು ಬದಿ ಉತ್ತರ. ಸೆಬಾಸ್ಟಿಯನ್ ಲೈಟ್ನರ್ 1970ರ ದಶಕದಲ್ಲಿ ಹೇಳಿಕೊಟ್ಟ ಡಬ್ಬಿಯ ಕ್ರಮ ಬಹಳ ಸರಳ. ಸರಿಯಾದ ಕಾರ್ಡ್ ಮುಂದಿನ ಡಬ್ಬಿಗೆ ಹೋಗುತ್ತದೆ, ತಪ್ಪಿದ್ದು ಮೊದಲ ಡಬ್ಬಿಗೆ ವಾಪಸ್. ಮೊದಲ ಡಬ್ಬಿ ದಿನಾ, ಎರಡನೆಯದು ಮೂರು ದಿನಕ್ಕೊಮ್ಮೆ, ಮೂರನೆಯದು ವಾರಕ್ಕೊಮ್ಮೆ.

ಓದುವ ಹೊತ್ತನ್ನು "ಸಂಜೆ ಓದ್ತೀನಿ" ಅಂತ ಬಿಡಬೇಡಿ. "ಸ್ನಾನ ಮುಗಿಸಿ ಬಂದ ತಕ್ಷಣ, ಕಿಟಕಿ ಪಕ್ಕದ ಮೇಜಿನಲ್ಲಿ, ಮೊದಲು ಗಣಿತ" ಅಂತ ಗಟ್ಟಿ ಮಾಡಿ. ಫೋನ್ ಆಗ ಇನ್ನೊಂದು ಕೋಣೆಯಲ್ಲಿರಲಿ. ಮನೆಯವರ ಫೋನ್ ಕೂಡ.

ಇನ್ನು ನಿದ್ದೆ. ಅಮೆರಿಕನ್ ಅಕಾಡೆಮಿ ಆಫ್ ಸ್ಲೀಪ್ ಮೆಡಿಸಿನ್ 2016ರಲ್ಲಿ ಕೊಟ್ಟ ಸಲಹೆಯಂತೆ 13ರಿಂದ 18 ವರ್ಷದವರಿಗೆ ದಿನಕ್ಕೆ 8ರಿಂದ 10 ಗಂಟೆ ನಿದ್ದೆ ಬೇಕು. ರಾತ್ರಿ ಒಂದು ಗಂಟೆಯವರೆಗೆ ಓದಿ ಬೆಳಿಗ್ಗೆ ತರಗತಿಯಲ್ಲಿ ತೂಕಡಿಸುವ ಮಗು ಒಂದು ಕಡೆ ಗಳಿಸಿ ಇನ್ನೊಂದು ಕಡೆ ಕಳೆದುಕೊಳ್ಳುತ್ತಿದೆ. ಮೊದಲ ಪಿರಿಯಡ್‌ನಲ್ಲಿ ಆ ಕಣ್ಣುಗಳನ್ನು ನೋಡುವಾಗ ನನಗೆ ನಿಜಕ್ಕೂ ಸಂಕಟವಾಗುತ್ತದೆ.

ಹಂತ 5: ವಾರಕ್ಕೆ 15 ನಿಮಿಷ, ಒಂದು ಪುಟ

ವಾರದಲ್ಲಿ ಒಂದು ದಿನ, ಒಂದೇ ಹೊತ್ತು ಗೊತ್ತು ಮಾಡಿಕೊಳ್ಳಿ. 15 ನಿಮಿಷ ಸಾಕು. ಜಾಸ್ತಿ ಹೊತ್ತು ಎಳೆದರೆ ಅದು ವಿಚಾರಣೆ ಆಗುತ್ತದೆ, ಮಗು ಮುಂದಿನ ವಾರ ತಪ್ಪಿಸಿಕೊಳ್ಳುತ್ತದೆ.

ಮೂರೇ ಪ್ರಶ್ನೆ ಕೇಳಿ. ಈ ವಾರ ಹೊಸದಾಗಿ ಏನು ಮಾಡಲು ಬಂತು? ಎಲ್ಲಿ ಸಿಕ್ಕಿಹಾಕಿಕೊಂಡೆ? ಮುಂದಿನ ವಾರ ಯಾರ ಸಹಾಯ ಬೇಕು? ಉತ್ತರವನ್ನು ಮಗುವೇ ಬರೆಯಲಿ. ನನ್ನ ಒಬ್ಬ ವಿದ್ಯಾರ್ಥಿನಿಯ ಪುಟದಲ್ಲಿ ಹೀಗಿತ್ತು:

"5ನೇ ವಾರ. ಬೆಳಕಿನ ಪ್ರತಿಫಲನದ ಚಿತ್ರ ನೋಡ್ದೆ ಬರೆಯೋಕೆ ಬಂತು. ನಿಮ್ನ ದರ್ಪಣದಲ್ಲಿ ವಸ್ತು ಹತ್ರ ಬಂದ್ರೆ ಪ್ರತಿಬಿಂಬ ಎಲ್ಲಿ ಹೋಗುತ್ತೆ ಅಂತ ಗೊತ್ತಾಗ್ತಿಲ್ಲ. ಮಂಗಳವಾರ ಸರ್ ಹತ್ರ ಕೇಳ್ಬೇಕು."

ಈ ಮೂರು ಸಾಲು ಯಾವ ಅಂಕಪಟ್ಟಿಗಿಂತಲೂ ಜಾಸ್ತಿ ಹೇಳುತ್ತದೆ. ಅವಳಿಗೆ ಬೆಳಕಿನ ಪಾಠ ಬರುವುದಿಲ್ಲ ಅಂತಲ್ಲ, ನಿಮ್ನ ದರ್ಪಣದ ಒಂದು ಸ್ಥಿತಿ ಬರುವುದಿಲ್ಲ. ಟೀಚರ್ ಹತ್ತಿರ ಹೋದರೆ ಹತ್ತು ನಿಮಿಷದ ಕೆಲಸ. ಬರೆಯದೆ ಬಿಟ್ಟಿದ್ದರೆ ಪರೀಕ್ಷೆಯಲ್ಲಿ ಐದು ಅಂಕದ ಪ್ರಶ್ನೆಯಾಗಿ ಎದುರು ಬರುತ್ತಿತ್ತು.

ಪಾಠಗಳ ಪಟ್ಟಿಯ ಮುಂದೆ ಬಣ್ಣ ಹಾಕುವುದೂ ಒಳ್ಳೆಯದು. ನೋಡದೆ ಮಾಡಬಲ್ಲೆ ಅಂದರೆ ಹಸಿರು, ಪುಸ್ತಕ ನೋಡಿ ಮಾಡಬಲ್ಲೆ ಅಂದರೆ ಹಳದಿ, ಗೊತ್ತಿಲ್ಲ ಅಂದರೆ ಕೆಂಪು. ಹಸಿರು ಅಂದ ಪಾಠದಿಂದ ಒಂದು ಪ್ರಶ್ನೆ ಆಗಲೇ ಕೇಳಿ ನೋಡಿ. ನಂಬಿಕೆ ಇಲ್ಲ ಅಂತಲ್ಲ, ತನಗೆ ಎಷ್ಟು ಗೊತ್ತಿದೆ ಅಂತ ಸರಿಯಾಗಿ ಅಳೆಯುವುದೂ ಮಗು ಕಲಿಯಬೇಕಾದ ವಿದ್ಯೆ. ಸತತ ಮೂರು ವಾರ ಒಂದೇ ಪಾಠ ಕೆಂಪಾಗಿದ್ದರೆ ಕಾಯಬೇಡಿ, ಶಾಲೆಗೆ ಹೋಗಿ ಮಾತಾಡಿ.

ಹಂತ 6: ಮಧ್ಯದ ಟೆಸ್ಟ್ ಬಂದಾಗ

ಎಂಟನೇ ವಾರದ ಆಸುಪಾಸಿನಲ್ಲಿ ಒಂದು ಪರೀಕ್ಷೆ ಇರುತ್ತದೆ. ಇಲ್ಲಿ ಎರಡು ತಪ್ಪು ಸಾಮಾನ್ಯ.

ಮೊದಲನೆಯದು, ಒಂದೇ ಟೆಸ್ಟ್ ನೋಡಿ ತೀರ್ಪು ಕೊಡುವುದು. 62, 58, 65 ಅಂತ ಮೂರು ಟೆಸ್ಟ್‌ನಲ್ಲಿ ಬಂದರೆ ಅದು ಇಳಿತವೂ ಅಲ್ಲ, ಏರಿಕೆಯೂ ಅಲ್ಲ. ಪ್ರಶ್ನೆಪತ್ರಿಕೆ ಕಷ್ಟವಿತ್ತೋ ಸುಲಭವಿತ್ತೋ, ಆ ದಿನ ತಲೆನೋವಿತ್ತೋ, ಓದಿದ್ದೇ ಬಂತೋ, ಇದೆಲ್ಲ ಸೇರಿ ನಾಲ್ಕೈದು ಅಂಕ ಆಚೀಚೆ ಆಗುವುದು ಸಹಜ. ಫ್ರಾನ್ಸಿಸ್ ಗಾಲ್ಟನ್ 1886ರಲ್ಲಿ ಎತ್ತರದ ಬಗ್ಗೆ ಬರೆಯುತ್ತಾ ತೋರಿಸಿದ ಒಂದು ಸಂಗತಿ ಇಲ್ಲಿಗೂ ಹೊಂದುತ್ತದೆ. ಬಹಳ ಎತ್ತರದ ತಂದೆತಾಯಿಯ ಮಕ್ಕಳು ಸರಾಸರಿಯ ಕಡೆಗೆ ಸ್ವಲ್ಪ ಸರಿದಿರುತ್ತಾರೆ. ಹಾಗೇ ಒಮ್ಮೆ ಅನಿರೀಕ್ಷಿತವಾಗಿ ತುಂಬಾ ಚೆನ್ನಾಗಿ ಬಂದ ಅಂಕದ ನಂತರ ಮುಂದಿನದು ಸ್ವಲ್ಪ ಇಳಿಯುವ ಸಾಧ್ಯತೆಯೇ ಹೆಚ್ಚು, ತುಂಬಾ ಕೆಟ್ಟದಾಗಿ ಬಂದ ನಂತರ ಏರುವ ಸಾಧ್ಯತೆ ಹೆಚ್ಚು. ಇದು ಗೊತ್ತಿಲ್ಲದೆ "ಹೊಗಳಿದೆ, ಕೆಟ್ಟಿತು. ಬೈದೆ, ಸುಧಾರಿಸಿತು" ಅಂತ ನಾವು ತಪ್ಪು ಪಾಠ ಕಲಿಯುತ್ತೇವೆ. ಮೂರು ನಾಲ್ಕು ಟೆಸ್ಟ್ ಒಂದೇ ದಿಕ್ಕಿಗೆ ಹೋದರೆ ಆಗ ಅದು ಸುದ್ದಿ. ತರಗತಿಯ ಸರಾಸರಿ ಎಷ್ಟಿತ್ತು ಅಂತಲೂ ಕೇಳಿ. ಸರಾಸರಿ 45 ಇದ್ದ ಪತ್ರಿಕೆಯಲ್ಲಿ 58, ಸರಾಸರಿ 75 ಇದ್ದ ಪತ್ರಿಕೆಯಲ್ಲಿ 65ಕ್ಕಿಂತ ಒಳ್ಳೆಯದೇ.

ಎರಡನೆಯ ತಪ್ಪು, ಅಂಕ ನೋಡಿ ಪತ್ರಿಕೆ ಮಡಚಿಡುವುದು. ರೂತ್ ಬಟ್ಲರ್ 1988ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಕೆಲವು ಮಕ್ಕಳಿಗೆ ಬರೀ ಅಂಕ, ಕೆಲವರಿಗೆ ಬರೀ ಸಲಹೆಯ ಮಾತು, ಉಳಿದವರಿಗೆ ಎರಡನ್ನೂ ಕೊಟ್ಟರು. ಮುಂದೆ ಚೆನ್ನಾಗಿ ಮಾಡಿದ್ದು ಮತ್ತು ಆಸಕ್ತಿ ಉಳಿಸಿಕೊಂಡಿದ್ದು ಬರೀ ಸಲಹೆ ಪಡೆದವರು. ಅಂಕವೂ ಜೊತೆಗಿದ್ದರೆ ಸಲಹೆಯ ಪ್ರಯೋಜನ ಹೆಚ್ಚೂಕಡಿಮೆ ಹೋಗಿಬಿಟ್ಟಿತ್ತು. ಇದನ್ನು ಓದಿದ ಮೇಲೆ ನಾನು ಸಣ್ಣ ಟೆಸ್ಟ್‌ಗಳ ಪತ್ರಿಕೆಯಲ್ಲಿ ಮೊದಲು ಸಲಹೆ ಮಾತ್ರ ಬರೆದು ಕೊಡುತ್ತೇನೆ. ಮಕ್ಕಳು ತಿದ್ದಿ ತಂದ ಮೇಲೆ ಅಂಕ ಹೇಳುತ್ತೇನೆ. ಮೊದಮೊದಲು "ಎಷ್ಟು ಮಾರ್ಕ್ಸ್ ಮಿಸ್, ಎಷ್ಟು ಮಾರ್ಕ್ಸ್?" ಅಂತ ಗಲಾಟೆ. ಈಗ ತಿದ್ದುವುದರಲ್ಲೇ ಮುಳುಗುತ್ತಾರೆ. ಮನೆಯಲ್ಲೂ ಹೀಗೆ ಮಾಡಬಹುದು. ಅಂಕದ ಮಾತು ಎತ್ತುವ ಮೊದಲು ಹಂತ 2ರ ನಾಲ್ಕು ಕಾಲಂ ಮತ್ತೆ ಎಳೆಯಿರಿ. ಶುರುವಿನಲ್ಲಿ ಚಿಹ್ನೆ ತಪ್ಪಿದ್ದು 7 ಇದ್ದದ್ದು ಈಗ 2 ಆಗಿದ್ದರೆ, ಒಟ್ಟು ಅಂಕ ಅಷ್ಟೇ ಇದ್ದರೂ ಮಗು ಮುಂದೆ ಬಂದಿದೆ. ಅದನ್ನು ಬಾಯಿಬಿಟ್ಟು ಹೇಳಿ.

ಹಂತ 7: ಟೀಚರ್ ಹತ್ತಿರ ಏನು ಕೇಳಬೇಕು

"ಹೇಗೆ ಓದ್ತಾನೆ ಮೇಡಂ?" ಅಂದರೆ "ಪರವಾಗಿಲ್ಲ, ಇನ್ನೂ ಸ್ವಲ್ಪ ಶ್ರಮ ಹಾಕ್ಬೇಕು" ಅನ್ನುವ ಉತ್ತರವೇ ಬರುತ್ತದೆ. ನಾನೂ ಎಷ್ಟೋ ಸಲ ಹಾಗೇ ಹೇಳಿದ್ದೇನೆ. ವಾರದ ಪುಟ ಕೈಯಲ್ಲಿ ಹಿಡಿದು ಬಂದು, "ಈ ಎರಡು ಪಾಠ ಮೂರು ವಾರದಿಂದ ಕೆಂಪಾಗಿದೆ, ತರಗತಿಯಲ್ಲಿ ನೀವು ಏನು ನೋಡಿದ್ದೀರಿ?" ಅಂತ ಕೇಳಿ. ಒಂದೇ ಒಂದು ವಿಷಯ ಸುಧಾರಿಸಬೇಕಾದರೆ ಯಾವುದು, ಮನೆಯಲ್ಲಿ ಏನು ಮಾಡಬೇಕು, ಮತ್ತೆ ಯಾವಾಗ ಭೇಟಿಯಾಗೋಣ ಅಂತ ಕೇಳಿ. ಮಗುವನ್ನೂ ಜೊತೆಗೆ ಕೂರಿಸಿಕೊಳ್ಳಿ. ತನ್ನ ಬಗ್ಗೆ ತನ್ನ ಬೆನ್ನ ಹಿಂದೆ ಮಾತಾಡುವುದು ಯಾರಿಗೂ ಇಷ್ಟವಾಗುವುದಿಲ್ಲ, ಅಲ್ವಾ?

ಹಂತ 8: ಅಂದುಕೊಂಡಂತೆ ಆಗದಿದ್ದಾಗ

ಒಂಬತ್ತು, ಹತ್ತನೇ ವಾರಕ್ಕೆ ಮೂರು ಚೀಟಿಗಳನ್ನು ಮತ್ತೆ ತೆಗೆಯಿರಿ. ಗುರಿ ದೂರವಿದ್ದರೆ ಅದನ್ನು ಬದಲಿಸಿ, ಹೊಸ ದಿನಾಂಕ ಬರೆಯಿರಿ. ಮುಂದೆ ಹೋಗಿದ್ದರೆ ಗುರಿಯನ್ನೂ ಮೇಲೆ ಎತ್ತಿ.

ಇದ್ದಕ್ಕಿದ್ದಂತೆ ಎಲ್ಲ ವಿಷಯದಲ್ಲೂ ಇಳಿದಿದ್ದರೆ ಪುಸ್ತಕ ಮುಚ್ಚಿಟ್ಟು ಮಗುವನ್ನು ನೋಡಿ. ಕಣ್ಣು, ಕಿವಿ ತಪಾಸಣೆ ಮಾಡಿಸಿ. ನಿದ್ದೆ, ಊಟ ಸರಿಯಿದೆಯಾ? ಶಾಲೆಯಲ್ಲಿ ಯಾರಾದರೂ ಕಾಡುತ್ತಿದ್ದಾರಾ? ಗೆಳೆಯರು ದೂರವಾದರಾ? ಮನೆಯಲ್ಲಿ ಏನಾದರೂ ನಡೆದಿದೆಯಾ? ಈ ವಯಸ್ಸಿನಲ್ಲಿ ದೇಹ, ಮನಸ್ಸು ಎರಡೂ ಬದಲಾಗುತ್ತಿರುತ್ತವೆ. ಮಗು ಎರಡು ವಾರಕ್ಕಿಂತ ಹೆಚ್ಚು ಮಂಕಾಗಿದ್ದರೆ, ಇಷ್ಟದ ಆಟವೂ ಬೇಡ ಅಂದರೆ, ಆಪ್ತ ಸಲಹೆಗಾರರನ್ನೋ ವೈದ್ಯರನ್ನೋ ಕಾಣಿ. ಅಂಕದ ವಿಷಯ ಆಮೇಲೆ. ಬಾಯಲ್ಲಿ ಚೆನ್ನಾಗಿ ಉತ್ತರ ಹೇಳುವ ಮಗು ಬರೆಯುವಾಗ ಮಾತ್ರ ಅಕ್ಷರ ಹಿಂದುಮುಂದಾಗಿ, ವಿಪರೀತ ನಿಧಾನವಾಗಿ ಬರೆಯುತ್ತಿದ್ದರೆ ಅದು ಸೋಮಾರಿತನ ಅಂತ ಬೈಯಬೇಡಿ. ಡಿಸ್‌ಲೆಕ್ಸಿಯಾದಂಥ ಕಲಿಕೆಯ ತೊಂದರೆ ಇರಬಹುದು. ಪರಿಣತರಿಂದ ಪರೀಕ್ಷೆ ಮಾಡಿಸಿದರೆ ಸರಿಯಾದ ಸಹಾಯ ಸಿಗುತ್ತದೆ.

ಹೊಗಳುವಾಗಲೂ ಮಾತು ನೋಡಿ ಆಡಬೇಕು. ಕ್ಲಾಡಿಯಾ ಮುಲ್ಲರ್ ಮತ್ತು ಕ್ಯಾರಲ್ ಡ್ವೆಕ್ 1998ರಲ್ಲಿ ಪ್ರಕಟಿಸಿದ ಪ್ರಯೋಗಗಳಲ್ಲಿ, "ನೀನು ಬುದ್ಧಿವಂತ" ಅಂತ ಹೊಗಳಿಸಿಕೊಂಡ ಮಕ್ಕಳು ಕಷ್ಟದ ಸಮಸ್ಯೆ ಎದುರಾದಾಗ ಬೇಗ ಕುಗ್ಗಿದರು. ಪಟ್ಟ ಶ್ರಮಕ್ಕೆ ಹೊಗಳಿಸಿಕೊಂಡವರು ಬಿಡದೆ ಮುಂದುವರಿದರು. "ಆ ಲೆಕ್ಕ ಮೂರು ಸಲ ತಪ್ಪಿದ್ರೂ ಬಿಡ್ಲಿಲ್ಲ ನೋಡು ನೀನು" ಅನ್ನುವುದರಲ್ಲಿ ಮಗುವಿಗೆ ಹಿಡಿದುಕೊಳ್ಳಲು ಏನೋ ಒಂದು ಸಿಗುತ್ತದೆ.

ಹಂತ 9: ಕೊನೆಯ ಮೂರು ವಾರ

ಹೊಸ ಪಾಠ ಬೇಡ. ಕೆಂಪು ಪಾಠಗಳಲ್ಲಿ ಹೆಚ್ಚು ಅಂಕ ಇರುವ ಎರಡನ್ನು ಆರಿಸಿ, ಅವನ್ನು ಹಳದಿಗಾದರೂ ತನ್ನಿ. ಉಳಿದ ಸಮಯ ಹಳದಿಯನ್ನು ಹಸಿರು ಮಾಡುವುದಕ್ಕೆ.

ಹಳೆಯ ಪ್ರಶ್ನೆಪತ್ರಿಕೆಗಳನ್ನು ಗಡಿಯಾರ ಇಟ್ಟು ಬರೆಸಿ. ಸಮಯದ ಲೆಕ್ಕವನ್ನು ಮಗುವಿನಿಂದಲೇ ಮಾಡಿಸಿ. 3 ಗಂಟೆ, 100 ಅಂಕ ಅಂದರೆ 180 ನಿಮಿಷ. ಪ್ರಶ್ನೆ ಓದಲು ಮತ್ತು ಕೊನೆಗೆ ತಿರುಗಿ ನೋಡಲು 20 ನಿಮಿಷ ತೆಗೆದಿಟ್ಟರೆ 160. ಒಂದು ಅಂಕಕ್ಕೆ 1.6 ನಿಮಿಷ, 5 ಅಂಕದ ಪ್ರಶ್ನೆಗೆ 8 ನಿಮಿಷ. ಎಂಟು ನಿಮಿಷ ಆದರೂ ಮುಗಿಯದಿದ್ದರೆ ಜಾಗ ಬಿಟ್ಟು ಮುಂದೆ ಹೋಗಬೇಕು. 23 ಅಂಕದ ಆ ಹುಡುಗ ಇದನ್ನು ಅಭ್ಯಾಸ ಮಾಡಲು ನಾಲ್ಕು ಪತ್ರಿಕೆ ಬರೆದ. ಮೊದಲನೆಯದರಲ್ಲಿ ಮೂರು ಪ್ರಶ್ನೆ ಬಿಟ್ಟಿದ್ದ, ನಾಲ್ಕನೆಯದರಲ್ಲಿ ಒಂದೂ ಬಿಟ್ಟಿರಲಿಲ್ಲ.

ಪರೀಕ್ಷೆಯ ಹಿಂದಿನ ರಾತ್ರಿ ಬೇಗ ಮಲಗಿಸಿ.

ಹಂತ 10: ಫಲಿತಾಂಶ ಬಂದ ದಿನ

ಅಂಕಪಟ್ಟಿಯನ್ನು ಒಂಟಿಯಾಗಿ ನೋಡಬೇಡಿ. ಮೇಜಿನ ಮೇಲೆ ಟರ್ಮ್ ಶುರುವಿನ ಪುಟ, ಮೂರು ಚೀಟಿ, ವಾರದ ಪುಟಗಳು, ಇವುಗಳ ಪಕ್ಕದಲ್ಲಿ ಅದನ್ನಿಡಿ. ಮೊದಲು ಮಗು ಮಾತಾಡಲಿ. ಏನು ಅಂದುಕೊಂಡಿದ್ದೆ, ಏನಾಯಿತು, ಯಾವ ಅಭ್ಯಾಸ ಕೈಹಿಡಿಯಿತು, ಯಾವುದನ್ನು ಸುಮ್ನೆ ಮಾಡಿದೆ? ಮಗು ಹೇಳಿದ್ದರಲ್ಲಿ ಮೂರು ಸಾಲು ಆರಿಸಿ, ಮುಂದಿನ ಟರ್ಮ್‌ನ ಹೊಸ ನೋಟ್‌ಬುಕ್ಕಿನ ಮೊದಲ ಪುಟದಲ್ಲಿ ಅದರ ಕೈಯಿಂದಲೇ ಬರೆಸಿ. ಇನ್ನೂ ಕೆಂಪಾಗಿ ಉಳಿದ ಪಾಠಗಳ ಹೆಸರನ್ನು ಅದರ ಕೆಳಗೆ ಬರೆಯಿರಿ. ಮುಂದಿನ ಹಂತ 2ಕ್ಕೆ ಕೂತಾಗ ಆ ಪುಟದಿಂದಲೇ ಶುರು ಮಾಡಬಹುದು.